ಊರ ಕಟ್ಟುಪಾಡಿಗೆ ಕಾಯ್ದೆಯ ಬಲ ಸಿಗುತ್ತದೆಯೇ?

ಪ್ರಶ್ನೆ: ಸರ್, ನಮಸ್ಕಾರ. ನಾವು ಹಾವೇರಿ ಜಿಲ್ಲೆಯವರು, ತುಂಗಭದ್ರಾ ದಂಡಿ ಮ್ಯಾಲಿನ ಊರು, ಅಂಬಿಗರ ಮನೆತನ. ಮಗಳನ್ನ ಕುಮಟಾ ತಾಲ್ಲೂಕಿಗೆ, ಅಘನಾಶಿನಿ ಹೊಳಿ ಸಮುದ್ರ ಕೂಡೂ ಅಳಿವಿ ಕಡೆ ಕೊಟ್ಟೇವಿ. ಸಣ್ಣ ಬೆಳಚು (ತಿನ್ನೂ ಚಿಪ್ಪಿ) ತಗೀಬಾರದು, ಇಂಥಾ ತಿಂಗಳು ಇಂಥಾ ಜಾಗಾಕ್ಕ ಕೈ ಹಾಕಬಾರದು ಅಂತ ಬೀಗರ ಕೇರಿಯೊಳಗ ಹಿರೇರು ಹಾಕಿದ ಕಟ್ಟುಪಾಡು ಅದ. ಕೇರಿಯವರು ಪಾಲಸ್ತಾರ, ಹೊರಗಿನವರು ಕೇಳಂಗಿಲ್ಲ. ‘ನಿಮ್ಮ ಕಟ್ಟುಪಾಡು ಯಾವ ಕಾಯ್ದೆದಾಗ ಬರದೈತಿ, ತೋರಸ್ರಿ’ ಅಂತಾರಂತ. ನ್ಯೂಜಿಲೆಂಡಿನೊಳಗ ಜನರೇ ಕೂಡಿ ಸಮುದ್ರ ಕಾಯೂ ಕಾಯ್ದೆ ಮಾಡಿಸಿಕೊಂಡಾರ ಅಂತ ಅಳಿಯ ಎಲ್ಲೋ ಓದಿ ಹೇಳಿದ. ನಮ್ಮಲ್ಲಿ ಅಂಥಾದ್ದು ಆಗತದೇನು? ನಮ್ಮ ಹೊಳಿಗೂ ಹೊಂದತದೇನು?

ಉತ್ತರ: ನಿಮ್ಮ ಅಳಿಯ ಓದಿದ್ದು ಸರಿಯಾಗಿಯೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಚಿಕ್ಕ ಉತ್ತರ: ತೆರೆದ ಸಮುದ್ರದ ಮಟ್ಟಿಗೆ, ಊರವರ ಕಟ್ಟುಪಾಡನ್ನೇ ಎತ್ತಿಕೊಂಡು ಕಾನೂನು ಮಾಡುವಂಥ ಕಾಯ್ದೆ ಕರ್ನಾಟಕದಲ್ಲಿ ಇಲ್ಲ. ಆದರೆ ನಿಮ್ಮ ಬೀಗರು ಇರುವುದು ತೆರೆದ ಸಮುದ್ರದಲ್ಲಲ್ಲ, ಅಳಿವೆಯಲ್ಲಿ. ಕಾನೂನಿನ ಕಣ್ಣಿಗೆ ಇವೆರಡೂ ಬೇರೆ. ಆ ವ್ಯತ್ಯಾಸದಲ್ಲೇ ಅವರಿಗೆ ದಾರಿ ಇದೆ.

ನಾನು ಧಾರವಾಡದಲ್ಲಿ ಪರಿಸರ ಕಾನೂನು ಪಾಠ ಹೇಳುವವನು. ಸಮುದ್ರದ ಮಾತು ತೆಗೆದರೆ ಹುಡುಗರು ನಗುತ್ತಾರೆ, ನಮಗೂ ಅದಕ್ಕೂ ಏನು ಸಂಬಂಧ ಸರ್ ಅಂತ. ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಗೆ ಕೂಡಿ, ಕೆಳಗೆ ಹೋಗಿ ಗಂಗಾವಳಿ ಅನಿಸಿಕೊಂಡು ಅಂಕೋಲೆಯ ಹತ್ತಿರ ಸಮುದ್ರ ಸೇರುತ್ತದೆ ಎಂದು ನೆನಪು ಮಾಡಿದಾಗ ಸುಮ್ಮನಾಗುತ್ತಾರೆ.

ಈಗ ನ್ಯೂಜಿಲೆಂಡಿನ ವಿಷಯ. ಅಲ್ಲಿನ ದಕ್ಷಿಣ ದ್ವೀಪದ ಪೂರ್ವ ದಂಡೆಯಲ್ಲಿ ಕೈಕೋರಾ ಎಂಬ ಊರಿದೆ. ದಡದಿಂದ ಸ್ವಲ್ಪ ದೂರದಲ್ಲೇ ಸಮುದ್ರದೊಳಗೆ ಆಳವಾದ ಕಮರಿ. ಹಾಗಾಗಿ ದೊಡ್ಡ ತಿಮಿಂಗಿಲಗಳು ದಡಕ್ಕೆ ಹತ್ತಿರ ಬರುತ್ತವೆ. ಅವನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಅದೇ ನೀರಲ್ಲಿ ವ್ಯಾಪಾರಕ್ಕೆ ಮೀನು ಹಿಡಿಯುವವರು, ರಜೆಯಲ್ಲಿ ಗಾಳ ಹಾಕುವವರು, ತಲೆತಲಾಂತರದಿಂದ ಅಲ್ಲಿರುವ ಮಾವೊರಿ ಜನ ಎಲ್ಲರೂ ಇದ್ದಾರೆ. 2005ರಲ್ಲಿ ಇವರೆಲ್ಲ ಒಂದು ಕೂಟ ಕಟ್ಟಿಕೊಂಡರು. ಹೆಸರು ತೆ ಕೊರೊವಾಯ್, ಅಂದರೆ ಹೊದಿಕೆ, ಮೇಲಂಗಿ. ಜಗಳ, ಸಂಧಾನ, ಮತ್ತೆ ಜಗಳ. ಒಪ್ಪಂದದ ಯೋಜನೆ ಕಾಗದಕ್ಕೆ ಬರುವ ಹೊತ್ತಿಗೆ 2012 ಆಗಿತ್ತು. 2014ರಲ್ಲಿ ಪಾರ್ಲಿಮೆಂಟು ಆ ಒಂದು ಊರಿನ ಸಮುದ್ರಕ್ಕೆಂದೇ ಬೇರೆ ಕಾಯ್ದೆ ಮಾಡಿತು. ಹತ್ತು ಸಾವಿರ ಹೆಕ್ಟೇರಿಗೂ ದೊಡ್ಡದಾದ, ಏನನ್ನೂ ಹಿಡಿಯಬಾರದ ಮೀಸಲು ಒಂದು. ತಿಮಿಂಗಿಲಕ್ಕೆ ಧಾಮ, ನೀರುನಾಯಿಯನ್ನು ಹೋಲುವ ಸೀಲ್ ಪ್ರಾಣಿಗಳಿಗೆ ಇನ್ನೊಂದು ಧಾಮ. ಮಾವೊರಿಗಳು ತಮ್ಮ ಪದ್ಧತಿಯಂತೆ ನಡೆಸಿಕೊಳ್ಳುವ ಐದು ಜಾಗ. ಇವೆಲ್ಲ ಒಂದೇ ಕಾಯ್ದೆಯಲ್ಲಿ ಬಂದವು. ಮೇಲೆ ‘ಗಾರ್ಡಿಯನ್ಸ್’ ಎಂಬ ಊರವರ ಸಮಿತಿ.

ಇದಕ್ಕೂ ಮೊದಲೇ ಅದೇ ದೇಶದ ನೈಋತ್ಯ ಮೂಲೆಯಲ್ಲಿ ಫಿಯರ್ಡ್‌ಲ್ಯಾಂಡ್‌ನವರು ದಾರಿ ತೋರಿಸಿದ್ದರು. 1995ರಲ್ಲಿ ಕೂಟ, 2005ರಲ್ಲಿ ಕಾಯ್ದೆ, ಎಂಟು ಹೊಸ ಮೀಸಲು. ನನಗೆ ಅವರ ಮೀಸಲುಗಳಿಗಿಂತ ಅವರ ಮಾತುಕತೆಯ ರೀತಿ ಹಿಡಿಸಿತು. ಕೂತವರೆಲ್ಲ ಮೊದಲು ‘ನಾನು ಏನು ಬಿಡುತ್ತೇನೆ’ ಎಂದು ಹೇಳಬೇಕು, ‘ನನಗೇನು ಬೇಕು’ ಎಂಬುದು ಆಮೇಲೆ. ವ್ಯಾಪಾರಿ ಮೀನುಗಾರರು ಒಳಗಿನ ಕೊಲ್ಲಿಗಳನ್ನು ಬಿಟ್ಟುಕೊಟ್ಟರು. ಗಾಳದವರು ದಿನಕ್ಕೆ ಇಷ್ಟೇ ಮೀನು ಎಂಬ ಮಿತಿಯನ್ನು ಇನ್ನೂ ಇಳಿಸಿಕೊಂಡರು. ಹವಳ ಬೆಳೆಯುವ ಸೂಕ್ಷ್ಮ ಜಾಗಗಳಿಗೆ ‘ಪಿಂಗಾಣಿ ಅಂಗಡಿ’ ಎಂದು ಹೆಸರಿಟ್ಟು, ಅಲ್ಲಿ ಲಂಗರು ಹಾಕುವುದಕ್ಕೂ ಕಟ್ಟು ಮಾಡಿಕೊಂಡರು. ಬಳೆ ಅಂಗಡಿಯೊಳಗೆ ಎತ್ತು ನುಗ್ಗಿದರೆ ಏನಾದೀತು ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ತಪ್ಪು ತಿಳುವಳಿಕೆ ಬೇಡ. ಆ ಗಾರ್ಡಿಯನ್ಸ್ ಆಳುವವರಲ್ಲ, ಸಲಹೆ ಕೊಡುವವರು. ಕೊನೆಯ ಮಾತು ಮಂತ್ರಿಯದೇ. ಅವರಿಗೆ ಸಿಕ್ಕಿದ್ದು ಕೂಡುವ ಖುರ್ಚಿ, ಯಾರೂ ಎಳೆದು ಬಿಸಾಕಲಾಗದ ಖುರ್ಚಿ. 2016ರ ನವೆಂಬರಿನಲ್ಲಿ ಕೈಕೋರಾದಲ್ಲಿ ದೊಡ್ಡ ಭೂಕಂಪವಾಗಿ ಸಮುದ್ರದ ತಳವೇ ಮೇಲೆದ್ದಿತು. ಪಾವಾ ಎಂಬ ಬೆಲೆಬಾಳುವ ಚಿಪ್ಪುಜೀವಿ ಬಂಡೆಗಳ ಮೇಲೆ ಒಣಗಿ ಸತ್ತಿತು. ಅಳಿದುಳಿದದ್ದು ಚೇತರಿಸಿಕೊಳ್ಳಲಿ ಎಂದು ಪಾವಾ ತೆಗೆಯುವುದನ್ನು ನಿಲ್ಲಿಸಿದರು. ಮತ್ತೆ ತೆರೆದದ್ದು 2021ರ ಡಿಸೆಂಬರಿನಲ್ಲಿ. ಐದು ವರ್ಷ ಕೈ ಕಟ್ಟಿ ಕೂಡುವುದು ಸಣ್ಣ ಮಾತಲ್ಲ.

ಮಾವೊರಿಗಳಲ್ಲಿ ‘ರಾಹುಯಿ’ ಎಂಬ ಪದ್ಧತಿ ಇದೆ. ಒಂದು ಜಾಗ ಬರಿದಾದರೆ ಹಿರಿಯರು ಕೆಲಕಾಲ ಅದನ್ನು ಮುಚ್ಚುತ್ತಾರೆ. ನ್ಯೂಜಿಲೆಂಡಿನ 1996ರ ಮೀನುಗಾರಿಕೆ ಕಾಯ್ದೆಯಲ್ಲಿ ಆ ಪದ್ಧತಿಗೆ ಒಂದು ಕಲಂ ಇದೆ. ಊರವರು ಕೇಳಿಕೊಂಡರೆ ಮಂತ್ರಿ ಎರಡು ವರ್ಷದವರೆಗೆ ಅಧಿಕೃತವಾಗಿ ಮುಚ್ಚಬಹುದು. ನಿಮ್ಮ ಬೀಗರ ‘ಇಂಥಾ ತಿಂಗಳು ಇಂಥಾ ಜಾಗ’ ಎಂಬುದು ಇದೇ ಅಲ್ಲವೇ? ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನು ಅಂತ ಯಾರೂ ಕೈ ಹಾಕುವುದಿಲ್ಲ. ನಮಗೆ ಪದ್ಧತಿಗೆ ಕೊರತೆ ಇಲ್ಲ. ಪದ್ಧತಿಯನ್ನು ಹೊರಗಿನವನಿಗೂ ಅನ್ವಯಿಸುವ ಕಲಂಗೆ ಕೊರತೆ.

ಕಾಯ್ದೆ ಮತ್ತು ಆದೇಶದ ನಡುವಿನ ಅಂತರ ಎಷ್ಟು ಅಂತ ತಿಳಿಯಲು ದೂರ ಹೋಗಬೇಕಿಲ್ಲ, ಗದಗಕ್ಕೆ ಹೋದರೆ ಸಾಕು. ಕಪ್ಪತಗುಡ್ಡವನ್ನು ಸರ್ಕಾರ 2015ರ ಡಿಸೆಂಬರಿನಲ್ಲಿ ‘ಸಂರಕ್ಷಣಾ ಮೀಸಲು’ ಎಂದು ಘೋಷಿಸಿತು. 2016ರ ನವೆಂಬರಿನಲ್ಲಿ ಇನ್ನೊಂದು ಕಾಗದ ಹೊರಡಿಸಿ ಅದನ್ನು ರದ್ದು ಮಾಡಿತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು, ಊರೂರು ಜನ ಗದಗಿನ ಬೀದಿಗೆ ಬಂದ ಮೇಲೆ 2017ರ ಏಪ್ರಿಲಿನಲ್ಲಿ ಮೀಸಲು ವಾಪಸ್ ಬಂತು. 2019ರಲ್ಲಿ ವನ್ಯಜೀವಿ ಧಾಮವೂ ಆಯಿತು. ಜನ ಗೆದ್ದ ಕಥೆ ಅಂತ ಇದನ್ನು ಎಲ್ಲರೂ ಹೇಳುತ್ತಾರೆ, ಸರಿ. ವಕೀಲನ ಕಣ್ಣಿಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ಧಾಮದ ಗಡಿ ಬದಲಿಸಬೇಕಾದರೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು. ಮೀಸಲಿಗೆ ಕಾಯ್ದೆಯಲ್ಲಿ ಆ ಬೀಗ ಇಲ್ಲ. ಕೊಟ್ಟ ಕೈಯೇ ಕಿತ್ತುಕೊಳ್ಳಬಹುದು.

ಈಗ ನಮ್ಮ ಸಮುದ್ರ ಯಾರದು ನೋಡೋಣ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಮೀನುಗಾರಿಕೆ ರಾಜ್ಯದ ವಿಷಯ. ಅದರಾಚೆ 200 ನಾಟಿಕಲ್ ಮೈಲಿವರೆಗೆ ಕೇಂದ್ರದ್ದು. ರಾಜ್ಯದ ಭಾಗಕ್ಕೆ 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ದಡದಲ್ಲಿ ನಿಲ್ಲುವುದು ಅದರ ಬಲದಿಂದ. ಒಳ್ಳೆಯ ಕಾಯ್ದೆಯೇ. ಆದರೆ ಅದರಲ್ಲಿ ಮಾತಾಡುವುದು ಸರ್ಕಾರ ಮತ್ತು ಅಧಿಕಾರಿ, ಊರು ಕೇಳಿಸಿಕೊಳ್ಳಬೇಕು. ಕೇರಳದಲ್ಲೂ ಹೀಗೇ ಇತ್ತು. ಅವರು 2017ರ ತಿದ್ದುಪಡಿಯಲ್ಲಿ ಹಳ್ಳಿ, ಜಿಲ್ಲೆ, ರಾಜ್ಯ ಮೂರೂ ಮಟ್ಟದಲ್ಲಿ ಮೀನುಗಾರಿಕೆ ನಿರ್ವಹಣಾ ಪರಿಷತ್ತುಗಳನ್ನು ಕಾಯ್ದೆಗೇ ಸೇರಿಸಿದರು. ಮರಿ ಮೀನು ಹಿಡಿಯಬಾರದೆಂದು 58 ಜಾತಿಗೆ ಕನಿಷ್ಠ ಅಳತೆಯನ್ನೂ ಗೊತ್ತುಮಾಡಿದರು. ನಮ್ಮ ಶಾಸಕರು ಯಾರಾದರೂ ಏನು ಮಾಡಬೇಕು ಅಂತ ಕೇಳಿದರೆ ನಾನು ತೋರಿಸುವುದು ಈ ತಿದ್ದುಪಡಿಯನ್ನೇ. ನ್ಯೂಜಿಲೆಂಡ್‌ವರೆಗೆ ವಿಮಾನ ಹತ್ತಬೇಕಿಲ್ಲ, ಕಾಸರಗೋಡು ದಾಟಿದರೆ ಆಯಿತು.

ಹಿಂದೆ ನಮ್ಮ ಕರಾವಳಿಯಲ್ಲೂ ಊರು ಮಾತಾಡುತ್ತಿತ್ತು. ರಂಪಣಿ ಬಲೆ ಎಂದರೆ ಹತ್ತಾರು ಮನೆಯವರು ಸೇರಿ ಎಳೆಯುವ ದೊಡ್ಡ ದಡದ ಬಲೆ. ಬಂಗಡೆ, ತಾರಲೆ ಬಂದಾಗ ಕೇರಿಗೆ ಕೇರಿಯೇ ಮರಳಿಗಿಳಿಯುತ್ತಿತ್ತು. ಸಿಕ್ಕಿದ್ದರಲ್ಲಿ ಪಾಲು, ಬಲೆಗೂ ಪಾಲು. 1970ರ ದಶಕದಲ್ಲಿ ದೊಡ್ಡ ಸುತ್ತುಬಲೆ ಹಾಕುವ ಪರ್ಸೀನ್ ಬೋಟುಗಳು ಬಂದು ಮೀನನ್ನು ದಡ ಮುಟ್ಟುವ ಮೊದಲೇ ಬಳಿದುಕೊಂಡವು. ಕೆಲವೇ ವರ್ಷದಲ್ಲಿ ರಂಪಣಿ ಮೂಲೆ ಸೇರಿತು. ಅದರೊಂದಿಗೆ ಊರು ಕೂಡಿ ನಿರ್ಧಾರ ಮಾಡುವ ರೂಢಿಯೂ ಸಡಿಲಾಯಿತು. ನಿಮ್ಮ ಬೀಗರ ಕೇರಿಯಲ್ಲಿ ಅದು ಇನ್ನೂ ಉಳಿದಿದೆ ಎಂಬುದೇ ದೊಡ್ಡ ಬಂಡವಾಳ.

ಇನ್ನು ಅಳಿವೆಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಭೂಮಿ’ ಎಂಬ ಪದಕ್ಕೆ ಕೊಟ್ಟ ಅರ್ಥ ಓದಿದರೆ ನಗು ಬರುತ್ತದೆ. ಭೂಮಿ ಎಂದರೆ ಕಾಲುವೆ, ಹಿನ್ನೀರ ಕೊಲ್ಲಿ, ನದಿ, ಹಳ್ಳ, ಕೆರೆ, ಜೌಗು, ಬಂಡೆ ಎಲ್ಲವೂ ಸೇರಿ! ಸಮುದ್ರ ಮಾತ್ರ ಆ ಪಟ್ಟಿಯಲ್ಲಿಲ್ಲ. 2002ರಲ್ಲಿ ಇದೇ ಕಾಯ್ದೆಗೆ ‘ಸಮುದಾಯ ಮೀಸಲು’ ಎಂಬುದನ್ನು ಸೇರಿಸಿದರು. ಖಾಸಗಿ ಅಥವಾ ಸಮುದಾಯದ ಭೂಮಿಯಲ್ಲಿ ಜನ ತಾವಾಗಿ ಮುಂದೆ ಬಂದರೆ ಸರ್ಕಾರ ಅದನ್ನು ಘೋಷಿಸಬಹುದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಹೀಗೆ 2007ರಲ್ಲಿ ಆಯಿತು. ಅದೇ ವರ್ಷ ಕೇರಳದ ಕಡಲುಂಡಿ–ವಳ್ಳಿಕ್ಕುನ್ನು ಆಯಿತು, ಅದು ಅಳಿವೆಯೇ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಜಾಗ.

ಅಘನಾಶಿನಿಯ ಎರಡೂ ಬದಿಗೆ ಗಜನಿ ಗದ್ದೆಗಳಿವೆಯಲ್ಲ, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಜಾಗ, ಮೀನು–ಸಿಗಡಿಗೂ ಆಸರೆ. ಅವು ಬಹಳಷ್ಟು ರೈತರ ಹೆಸರಿನಲ್ಲೇ ಇರುವ ಜಮೀನು. ನನ್ನ ಓದಿನಲ್ಲಿ ಗಜನಿಯ ಒಡೆಯರು ಒಪ್ಪಿದರೆ ಅದಕ್ಕೆ ಸಮುದಾಯ ಮೀಸಲಿನ ದಾರಿ ತೆರೆದಿದೆ. ಘೋಷಣೆಯಾದ ಮೇಲೆ ಆ ಜಾಗದ ಬಳಕೆ ಬದಲಿಸಬೇಕಾದರೆ ಊರ ಪ್ರತಿನಿಧಿಗಳ ನಿರ್ವಹಣಾ ಸಮಿತಿ ಠರಾವು ಮಾಡಬೇಕು, ಸರ್ಕಾರ ಒಪ್ಪಬೇಕು. ಎರಡೂ ಬೇಕು. ಸಮಿತಿ ಠರಾವು ಮಾಡದಿದ್ದರೆ ಕಡತ ಮುಂದೆ ಹೋಗುವುದಿಲ್ಲ. ನಮ್ಮ ದೇಶದ ಪರಿಸರ ಕಾನೂನಿನಲ್ಲಿ ಊರಿಗೆ ‘ಬೇಡ’ ಎನ್ನುವ ಇಂಥ ಅಧಿಕಾರ ಕೊಟ್ಟ ಕಲಂಗಳು ಬೆರಳೆಣಿಕೆಯಷ್ಟು.

ಬೆಳಚು ಇರುವುದು ಮಾತ್ರ ಗಜನಿಯಲ್ಲಲ್ಲ, ಅಳಿವೆಯ ತಳದಲ್ಲಿ. ಅದು ಸರ್ಕಾರದ್ದು. ಅದಕ್ಕೆ ಹೊಂದುವುದು ಇನ್ನೊಂದು ಬಗೆ, ಕಪ್ಪತಗುಡ್ಡಕ್ಕೆ ಮೊದಲು ಕೊಟ್ಟಿದ್ದ ಸಂರಕ್ಷಣಾ ಮೀಸಲು. ಸ್ಥಳೀಯರನ್ನು ಕೇಳಿಯೇ ಮಾಡಬೇಕು. ಸಮಿತಿಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು ಇರಬೇಕು, ಕಾರ್ಯದರ್ಶಿ ಅರಣ್ಯ ಇಲಾಖೆಯವರು. ಇಲ್ಲಿ ಊರ ಮಾತು ಸಲಹೆಯಷ್ಟೇ.

ಬೀಗರ ಕೇರಿಯಲ್ಲಿ ಯಾರಾದರೂ ಉತ್ಸಾಹದಿಂದ ‘ವನ್ಯಜೀವಿ ಧಾಮವನ್ನೇ ಕೇಳೋಣ’ ಅಂದರೆ ತಡೆಯಿರಿ. ಧಾಮಕ್ಕೆ 29ನೇ ಕಲಂ ಬರುತ್ತದೆ. ಒಳಗಿನ ಜೀವಿಯನ್ನು ತೆಗೆಯಲು, ನೀರಿನ ಹರಿವು ಬದಲಿಸಲು ಅನುಮತಿ ಬೇಕು. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಅಳಿವೆಗೆ ಇಳಿಯುವ ಹೆಣ್ಣುಮಕ್ಕಳು ಯಾವ ಕಚೇರಿಯಲ್ಲಿ ಅನುಮತಿಗೆ ನಿಲ್ಲಬೇಕು? ಎರಡೂ ಬಗೆಯ ಮೀಸಲಿಗೆ ಆ ಕಲಂ ಅನ್ವಯಿಸುವುದಿಲ್ಲ, ಬೆಂಕಿ ಹಚ್ಚುವುದು, ವಿಷ ಹಾಕುವುದು, ಸಿಡಿಮದ್ದು ಹಾಕುವುದು ಮುಂತಾದವು ನಿಷೇಧ. ಮಹಾರಾಷ್ಟ್ರದ ಮಾಲವಣದಲ್ಲಿ 1987ರಲ್ಲಿ ಸಾಗರ ಧಾಮ ಘೋಷಿಸಿದರು. ತಮ್ಮ ಹೊಟ್ಟೆಯ ಮೇಲೆ ಗೆರೆ ಎಳೆದರು ಅಂತ ಅಲ್ಲಿನ ಮೀನುಗಾರರು ವರ್ಷಗಟ್ಟಲೆ ವಿರೋಧಿಸಿದರು. ಊರೇ ಬೇಡ ಅಂದ ಗಡಿಯನ್ನು ಕಾಯಲು ಎಷ್ಟು ಗಾರ್ಡುಗಳಿದ್ದರೂ ಸಾಲುವುದಿಲ್ಲ.

ಅಘನಾಶಿನಿ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಸುಮಾರು 4,800 ಹೆಕ್ಟೇರ್. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಅದೇ ಸಲ ಸೇರಿತು. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆ. ಹೆಸರು ದೊಡ್ಡದು, ಆದರೆ ರಾಮ್ಸಾರ್ ಎಂಬುದು ಅಂತರರಾಷ್ಟ್ರೀಯ ಒಪ್ಪಂದ, ಅದರ ಫಲಕ ತೋರಿಸಿದರೆ ಪೊಲೀಸರು ಕೇಸು ಹಾಕುವುದಿಲ್ಲ. ಅದಕ್ಕೆ ಬಲ ಬರಬೇಕಾದದ್ದು 2017ರ ಜೌಗು ಪ್ರದೇಶ ನಿಯಮಗಳಿಂದ. ಆ ನಿಯಮಗಳೋ, ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಜಡ್‌ನ ಜಾಗಕ್ಕೆ ತಾವು ಅನ್ವಯಿಸುವುದಿಲ್ಲ ಎಂದು ತಾವೇ ಹೇಳಿಕೊಂಡಿವೆ. ಅಳಿವೆಯ ಬಹುಪಾಲು ಸಿಆರ್‌ಜಡ್ ಒಳಗೇ ಬರುವುದು: ಕಡು ಬೇಸಿಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ ಐದು ಪಾಲು ಎಲ್ಲಿಯವರೆಗೆ ಇರುತ್ತದೋ ಅಲ್ಲಿಯವರೆಗೆ ಅದರ ಲೆಕ್ಕ. ಆಗಲಿ, ಅದರಲ್ಲೂ ಒಂದು ಖುರ್ಚಿ ಇದೆ. ಸಿಆರ್‌ಜಡ್ ಅಧಿಸೂಚನೆಯಂತೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಸಮಿತಿಯಲ್ಲಿ ಮೀನುಗಾರರೂ ಸೇರಿದಂತೆ ಕರಾವಳಿಯ ಸಾಂಪ್ರದಾಯಿಕ ಸಮುದಾಯದ ಕನಿಷ್ಠ ಮೂವರು ಇರಬೇಕು. ಉತ್ತರ ಕನ್ನಡದಲ್ಲಿ ಆ ಮೂವರು ಯಾರು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿಸಿ. ಅವರಲ್ಲಿ ಚಿಪ್ಪಿ ತೆಗೆಯುವ ಹೆಣ್ಣುಮಗಳೊಬ್ಬಳು ಇದ್ದಾಳೆಯೇ ಎಂಬುದನ್ನು ನೋಡಿ.

ಇಷ್ಟೆಲ್ಲ ವರ್ಷಗಳ ಕೆಲಸ. ನಾಳೆಯೇ ಕೈಗೆ ಸಿಗುವುದು 2002ರ ಜೀವವೈವಿಧ್ಯ ಕಾಯ್ದೆ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಅದು ಹೇಳುತ್ತದೆ. ಎಷ್ಟೋ ಕಡೆ ಅದು ಕಾಗದದ ಮೇಲೆ ಇದೆ, ಸದಸ್ಯರಾದವರಿಗೇ ತಾವು ಸದಸ್ಯರು ಅಂತ ಗೊತ್ತಿರುವುದಿಲ್ಲ. ಆ ಸಮಿತಿ ‘ಜನತಾ ಜೀವವೈವಿಧ್ಯ ದಾಖಲಾತಿ’ ಎಂಬ ಪುಸ್ತಕ ಬರೆಯಬೇಕು. ಬೀಗರ ಕಟ್ಟುಪಾಡು ಮೊದಲು ಬರೆಯಲ್ಪಡಬೇಕಾದದ್ದು ಅಲ್ಲಿ. ಯಾವ ಜಾಗ, ಯಾವ ತಿಂಗಳು, ಯಾಕೆ, ಯಾರ ಕಾಲದಿಂದ. ಗ್ರಾಮಸಭೆಯಲ್ಲಿ ಓದಿ ಠರಾವು ಮಾಡಿಸಿದರೆ, ‘ಎಲ್ಲಿ ಬರದೈತಿ ತೋರಸ್ರಿ’ ಎಂದವನಿಗೆ ತೋರಿಸಲು ಒಂದು ಸರ್ಕಾರಿ ಪುಸ್ತಕ ಸಿಗುತ್ತದೆ. ಅದರ ಬಲದ ಮೇಲೆ ದಂಡ ಹಾಕಲಾಗುವುದಿಲ್ಲ, ನಿಜ. ಕೋರ್ಟಿಗೆ ಹೋದ ದಿನ ಮಾತ್ರ, ಇದು ನಿನ್ನೆ ಮೊನ್ನೆ ಹುಟ್ಟಿದ ತಕರಾರಲ್ಲ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇರದು.

ಒಂದು ಕಹಿ ಮಾತನ್ನೂ ಹೇಳಿಬಿಡುತ್ತೇನೆ. ಉಪ್ಪುನೀರು–ಸಿಹಿನೀರು ಹದವಾಗಿ ಕೂಡಿದರೆ ಬೆಳಚು. ಮೇಲಿನಿಂದ ಬರುವ ನೀರು ಕಡಿಮೆಯಾದರೆ ಕೆಳಗಿನ ಹದ ಕೆಡುತ್ತದೆ. ಅಘನಾಶಿನಿಗೆ ಇನ್ನೂ ದೊಡ್ಡ ಅಣೆಕಟ್ಟು ಬಿದ್ದಿಲ್ಲ, ಅದಕ್ಕೇ ಆ ಅಳಿವೆ ಇನ್ನೂ ಜೀವಂತ. ಪಕ್ಕದ ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಯ ಮಾತು ನಡೆದೇ ಇದೆ. ಹಾವೇರಿ, ಗದಗಿನ ನಮಗೆ ನೀರು ಬೇಕು. ಬೋರು ಬತ್ತಿದ ರೈತನ ಮುಂದೆ ನಿಂತು ಬೆಳಚಿನ ಕಥೆ ಹೇಳುವ ಧೈರ್ಯ ನನಗೂ ಇಲ್ಲ. ಆದರೆ ನಿಮ್ಮಂಥವರು ಮಗಳನ್ನು ಅಳಿವೆಗೆ ಕೊಟ್ಟು, ಹೊಲವನ್ನು ವರದಾ–ತುಂಗಭದ್ರೆಯ ಸೀಮೆಯಲ್ಲಿ ಇಟ್ಟುಕೊಂಡವರು. ಅಳಿವೆಯಲ್ಲಿ ಮಾಡುವ ಯಾವ ಮೀಸಲಿಗೂ ಘಟ್ಟದ ಮೇಲಿನ ನೀರನ್ನು ಪ್ರಶ್ನಿಸುವ ಅಧಿಕಾರ ಬರುವುದಿಲ್ಲ. ನೀರು ತಿರುಗಿಸುವುದನ್ನು ತಡೆಯುವ ಆ 29ನೇ ಕಲಂ ಮೀಸಲಿಗಿಲ್ಲ ಅಂತ ಆಗಲೇ ಹೇಳಿದೆನಲ್ಲ. ಫಿಯರ್ಡ್‌ಲ್ಯಾಂಡ್‌ನವರ ಹಾಗೆ ‘ನಾನು ಏನು ಬಿಡುತ್ತೇನೆ’ ಎಂದು ಮೊದಲು ಹೇಳುವ ಮಾತುಕತೆ ಆಗಬೇಕಾದದ್ದು ಬೇಡ್ತಿಯ ಮೇಲಿನವರು, ಕೆಳಗಿನವರು ಮತ್ತು ವರದೆಯವರ ನಡುವೆ. ಅದಕ್ಕೆ ಕಾಯ್ದೆಯಲ್ಲಿ ಮೇಜೂ ಇಲ್ಲ, ಖುರ್ಚಿಯೂ ಇಲ್ಲ.

ನಿಮ್ಮ ಹೊಳೆಗೆ ಹೊಂದುತ್ತದೆಯೇ ಎಂದು ಕೇಳಿದಿರಿ. ಹೊಂದುತ್ತದೆ, ಸಮುದ್ರಕ್ಕಿಂತ ಚೆನ್ನಾಗಿ. ಮೇಲೆ ಹೇಳಿದ ‘ಭೂಮಿ’ಯಲ್ಲಿ ನದಿ ಇದೆ. ಇದೇ ತುಂಗಭದ್ರೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳಿಗಾಗಿ 2015ರಲ್ಲಿ ಸಂರಕ್ಷಣಾ ಮೀಸಲು ಮಾಡಿದ್ದಾರೆ. ಮೀನು ಹಿಡಿಯಲು ಸಿಡಿಮದ್ದು ಹಾಕುವುದು ಅಲ್ಲಿ ವನ್ಯಜೀವಿ ಕಾಯ್ದೆಯ ಅಪರಾಧ. ನಿಮ್ಮ ಊರ ಮಡುವಿಗೆ ಈಗ ಇರುವುದು 1996ರ ಒಳನಾಡು ಮೀನುಗಾರಿಕೆ ಕಾಯ್ದೆ, ಅದೂ ಇಲಾಖೆಯ ಕೈಯಲ್ಲಿ. ನಿಮ್ಮ ಜಿಲ್ಲೆಯವರಿಗೆ ಊರೊಟ್ಟಿನ ಜಾಗಕ್ಕಾಗಿ ನಿಲ್ಲುವುದು ಹೊಸತೇನಲ್ಲ. ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಸೇರಿ, ಊರ ಗೋಮಾಳ–ಗುಡ್ಡಗಳಿಗೆ ಹಚ್ಚಿದ್ದ ನೀಲಗಿರಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ–ಹಚ್ಚಿಕೋ’ ಅಂತ ಆ ಚಳವಳಿಗೆ ಹೆಸರೇ ಬಿತ್ತು. ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು, ಕೇಳಿ ನೋಡಿ.

ಬೀಗರಿಗೆ ಒಂದು ಸಣ್ಣ ಸೂಚನೆ. ಠರಾವು ಬರೆಸುವಾಗ ‘ಸಣ್ಣ ಬೆಳಚು’ ಅಂತ ಬರೆಸಬೇಡಿ. ಹೊರಗಿನವನು ‘ಇದು ದೊಡ್ಡದೇ’ ಅನ್ನುತ್ತಾನೆ. ಹೆಣ್ಣುಮಕ್ಕಳು ಯಾವುದನ್ನು ವಾಪಸ್ ನೀರಿಗೆ ಬಿಡುತ್ತಾರೋ ಅಂಥ ಐವತ್ತು ಬೆಳಚು ತಂದು, ಶಾಲೆಯ ಮಕ್ಕಳ ಸ್ಕೇಲಿನಿಂದ ಅಳೆದು, ಇಷ್ಟು ಮಿಲಿಮೀಟರಿಗಿಂತ ಕಡಿಮೆ ಇದ್ದದ್ದು ಅಂತ ಬರೆಸಿ. ಪಕ್ಕದಲ್ಲೇ ಅವರು ಬಾಯಲ್ಲಿ ಹೇಳುವ ಅಳತೆಯನ್ನೂ, ಹೆಬ್ಬೆರಳೋ ಹುಣಸೆ ಬೀಜವೋ ಏನಿದೆಯೋ ಅದನ್ನು ಹಾಗೇ ಬರೆಸಿ. ಪಿಡಿಒ ಇದೆಲ್ಲ ಯಾಕೆ ಅಂದರೆ, ವಕೀಲರು ಎರಡೂ ಬೇಕು ಅಂದಿದ್ದಾರೆ ಅನ್ನಿ.